ಅಪ್ಪನನ್ನು ಕೂಗಿ ಎಬ್ಬಿಸುವವರು

ಸೋಸಲೆ
13-2-1998, ಶುಕ್ರವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಮಧುಶ್ರೀ ಕಾಲಿಗೆರಗಿ ಬರೆಯುತ್ತಿರುವುದು. ಚೆನ್ನಾಗಿದ್ದೀಯಾ? ಫ್ಯಾಕ್ಟರಿಯ ಧೂಳಿಗೆ ನಿನಗೆ ಕೆಮ್ಮು ಹಿಡಿದಿದೆ ಎಂದು ನಿನ್ನ ಜೊತೆ ಕೆಲಸ ಮಾಡುವ ಮಹದೇವ ಊರಿಗೆ ಬಂದಾಗ ಹೇಳಿದ. ಬಿಸಿನೀರು ಕುಡಿ. ನಂಜನಗೂಡಿನ ಹೋಟೆಲ್ ಊಟ ನಿನಗೆ ಒಗ್ಗಿತಾ ಎಂದು ಅವ್ವ ಮುದ್ದೆ ಕಟ್ಟುವಾಗೆಲ್ಲ ನನ್ನನ್ನು ಕೇಳುತ್ತಾಳೆ, ನಾನೇನೋ ನೋಡಿಬಂದವಳ ಹಾಗೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಬರಹ, ತಪ್ಪಿದ್ದರೆ ನಗಬೇಡ.

ಅಪ್ಪನ ಹೊಟ್ಟೆನೋವು ಪಿತ್ತಕೋಶದ ಕಲ್ಲಿನದಂತೆ. ನಿನ್ನೆ ನರಸೀಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಿತ್ತು, ಆಗಲಿಲ್ಲ. ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರಮ್ಮ ಗುರುವಾರ ಮಾತ್ರ ಮೈಸೂರಿನಿಂದ ಬರುತ್ತಾರೆ. ಬರಿಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಅವ್ವ ಒಲೆಯನ್ನೇ ಹಚ್ಚಲಿಲ್ಲ. ಆದರೆ ದಾರಿಯಲ್ಲಿ ಅಪ್ಪನನ್ನು ಗುಡಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಕೇಳಿದಾಗ ಅಪ್ಪ, "ಒಂದ್ ತೊಟ್ಟು ನೀರೂ ಕುಡ್ದಿಲ್ಲ ಕಣವ್ವ, ಪ್ರಸಾದ ಅಷ್ಟೆಯ" ಅಂದ. ಎಷ್ಟು ಪ್ರಸಾದ ಎಂದರು. "ಒಂದ್ ದೊನ್ನೆ ಪೊಂಗಲು ಕಣ್ರವ್ವ, ದೇವ್ರುದು ಊಟದ್ ಲೆಕ್ಕುಕ್ಕೆ ಬರಾಕಿಲ್ವಲ್ಲ" ಎಂದು ಅವ್ವ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ಕೈಗವಸು ಬಿಚ್ಚಿ, ಇವತ್ತು ಆಗಲ್ಲ ಎಂದರು. ಮತ್ತಿನಲ್ಲಿರುವಾಗ ತಿಂದದ್ದು ಮೇಲೆ ಬಂದು ಉಸಿರುನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯವಂತೆ. "ಅದು ದೇವರದ್ದು ಅಂತ ಹೊಟ್ಟೆಗೆ ಗೊತ್ತಾಗಲ್ಲಮ್ಮ" ಎಂದರು. ಬೈಯಲಿಲ್ಲ. ಅವ್ವ ದಾರಿಯುದ್ದಕ್ಕೂ ಅತ್ತಳು.

ಆಸ್ಪತ್ರೆಯಿಂದ ಹೊರಡುವ ಮುಂಚೆ ಅಪ್ಪ, "ಮಲುಗ್ಸೋರೂ ನೀವೇ, ಏಳ್ಸೋರೂ ನೀವೇಯ?" ಎಂದು ಡಾಕ್ಟರಮ್ಮನನ್ನು ಕೇಳಿದ. ಆಗ ತಿಳಿಯಿತು ಅಣ್ಣಾ, ಅಪ್ಪನಿಗೆ ಕತ್ತಿಯ ಭಯವಿಲ್ಲ, ಏಳದಿದ್ದರೆ ಎಂಬ ಭಯ. ತಲೆಯ ಹತ್ತಿರದಿಂದ ಕದಲುವುದಿಲ್ಲ, ಹೆಸರು ಹಿಡಿದು ಕೂಗುತ್ತೇನೆ, ಎಚ್ಚರವಾಗುವಾಗ ಮನೆಯವರೊಬ್ಬರು ಜೊತೆಗಿರಲಿ ಎಂದರು ಅವರು. ಅಪ್ಪ ನನ್ನ ಕಡೆ ನೋಡಿ, "ಇವ್ಳು ಕರುದ್ರೆ ಕೋಳೀನೂ ತಿರ್ಗಾಕಿಲ್ಲ" ಅಂದ. ನರ್ಸುಗಳು ನಕ್ಕರು. ಅಪ್ಪ ನಗಲಿಲ್ಲ.

ನೀನು ಹೊಂಗೆ ಮರ ಕಡಿದೆ ಎಂದು ಅಪ್ಪ ಆವತ್ತು ನಿನಗೆ, "ಇನ್ನು ನನ್ನ ಅಪ್ಪ ಅಂತ ಕರೀಬ್ಯಾಡ ಕಣ್ಲಾ" ಅಂದುಬಿಟ್ಟ. ನೀನೂ ಕರೆಯಲಿಲ್ಲ. ಆ ಬುಡ ಈಗ ಚಿಗುರಿದೆ. ಮೇಕೆ ಬಾಯಿ ಹಾಕದ ಹಾಗೆ ಅಪ್ಪನೇ ಸುತ್ತ ಮುಳ್ಳು ಕಟ್ಟಿದ್ದಾನೆ. ಯಾರಾದರೂ ಕೇಳಿದರೆ ಬೇರೆ ಮಾತು ತೆಗೆಯುತ್ತಾನೆ.

ಅವ್ವನ ಆಶೀರ್ವಾದ ನಿನಗಿದೆ. ಮೈ ಜೋಪಾನ.

ನಿನ್ನ ತಂಗಿ,
ಮಧುಶ್ರೀ

ಮರೆತೆ: ಮುಂದಿನ ಗುರುವಾರ ಮತ್ತೆ ಬರಹೇಳಿದ್ದಾರೆ. ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿಕೊಂಡು ಹೇಳಿದ್ದು, "ಚಿಕ್ಕೋನಿದ್ದಾಗ ಹೊಳೆ ಆಚೆ ದಡದಿಂದ ಅಪ್ಪೋ ಅಂತ ಕೂಗ್ತಿದ್ನಲ್ಲ, ಅವ್ನು ಕೂಗುದ್ರೆ ಏಳ್ತೀನಿ ಅಂತ ಆ ಡಾಕ್ಟ್ರವ್ವಂಗೆ ಹೇಳ್ಬುಡು." ನನಗೆ ಅವರ ಹತ್ತಿರ ಬಾಯಿ ಬರುವುದಿಲ್ಲ. ನೀನೇ ಬಂದು ಹೇಳು.