ಕಾಗೆ ಮುಟ್ಟದ ಎಡೆ

ರಾಯದುರ್ಗ
೧೨-೨-೨೦೧೩, ಮಂಗಳವಾರ

ಪ್ರೀತಿಯ ಮಂಗಳಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಷಿನ್ ಮುಂದೆ ಕೂರುವಾಗ ಸ್ಟೂಲಿನ ಮೇಲೆ ಬಟ್ಟೆ ಮಡಿಸಿ ಹಾಕಿಕೋ, ನಾನೂ ಹಾಗೆಯೇ ಮಾಡುತ್ತೇನೆ. ಓಬಳಾಪುರದ ಗಣಿ ನಿಂತು ಕೆಲಸ ಹೋದಾಗಿನಿಂದ ಕೂತಲ್ಲೇ ಕೂತಿದ್ದ ಅಪ್ಪ ಈಗ ಸಂಜೆ ಒಂದು ಸುತ್ತು ನಡೆದು ಬರುತ್ತಾರೆ. ಅಮ್ಮ ಚೆನ್ನಾಗಿದ್ದಾಳೆ.

ಶುಕ್ರವಾರ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಲಕ್ಷ್ಮೀನರಸಪ್ಪ ಸಾರ್ ಹೋದರು ಅಂತ. ನೀನು ತಕ್ಷಣ ಫೋನ್ ಇಟ್ಟುಬಿಟ್ಟೆ. ನನಗೆ ಕೋಪವಿಲ್ಲ. ಹಾಸ್ಟೆಲಿನ ಆ ಒಂದು ಫೋನಿನ ಹಿಂದೆ ಎಷ್ಟು ಜನ ಕಾಯುತ್ತಿರುತ್ತಾರೆಂದು ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು. ಸಾರ್ ಪಾಠ ಕೇಳಿದ್ದು ಒಂದೇ ದಿನ, ನೀನು ಮರೆತ ಊಟದ ಡಬ್ಬಿ ಕೊಡಲು ನಿಮ್ಮ ಕಾಲೇಜಿಗೆ ಬಂದಾಗ. ಬಾಗಿಲಲ್ಲಿ ನಿಂತಿದ್ದೆ. "ಒಳಕ್ ಬಾಮ್ಮ, ಅಲ್ಲಿ ನಿಂತ್ರೆ ಅರ್ಧ ಪಾಠ ಗಾಳಿಗೋಯ್ತದೆ" ಎಂದು ಕರೆದು ಕೊನೆಯ ಬೆಂಚಿನಲ್ಲಿ ಕೂರಿಸಿದರು. ನಿನ್ನ ಗೆಳತಿಯರು ನಕ್ಕರು, ನೀನೂ ನಕ್ಕೆ. ಆಮೇಲೆ ಎಲ್ಲಿ ಸಿಕ್ಕರೂ ನನ್ನನ್ನು ತಮ್ಮ ಶಿಷ್ಯೆಯೆಂದೇ ಹೇಳುತ್ತಿದ್ದರು. ಅದು ಸುಳ್ಳೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ನೀನು ಡಿಗ್ರಿಯ ಕೊನೆಯ ವರ್ಷ ಬಿಟ್ಟು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಮೇಲೆ ಅವರು ಆಗಾಗ ನಮ್ಮ ಹೊಲಿಗೆ ಯೂನಿಟ್ಟಿಗೆ ಬರುತ್ತಿದ್ದರು. ಜೀನ್ಸ್ ಗಂಟಿನ ಮೇಲೆ ಕೂತು, "ಮಂಗಳಾ ಯಾವಾಗ ಬತ್ತಾಳಮ್ಮ? ಉಳಿದ ಪೇಪರ್ ಈ ವರ್ಷ ಬರೀದಿದ್ರೆ ಓದಿದ್ದೆಲ್ಲ ಹೋಯ್ತು" ಎನ್ನುವರು. ಯೂನಿಟ್ ನಡೆಸುವ ಯರ್ರಿಸ್ವಾಮಿಯೂ ಅವರ ಹಳೆಯ ವಿದ್ಯಾರ್ಥಿ. ಓಡಿಹೋಗಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತರುವನು. "ತಗೊಳ್ರಿ ಸಾರ್, ನೀವು ತಿನ್ನಾಕ ಅಂತನ ಬರ್ತೀರಿ" ಎಂದು ರೇಗಿಸುವನು. ಸಾರ್ ನಗುತ್ತಾ ಒಂದೂ ಬಿಡದೆ ತಿನ್ನುತ್ತಿದ್ದರು. ಹಳೆಯ ಹುಡುಗರೆಲ್ಲ ಅವರಿಗೆ ಅದನ್ನೇ ಕೊಡಿಸುತ್ತಿದ್ದರು.

ಹೊಟ್ಟೆಯೊಳಗೆ ರಕ್ತ ಸೋರಿ ಅನಂತಪುರದ ಆಸ್ಪತ್ರೆಯಲ್ಲಿ ಹೋದರಂತೆ. ಅವರ ಊರು ಮಡಕಶಿರದ ಹತ್ತಿರ, ಮಣ್ಣು ಮಾಡಿದ್ದು ಅಲ್ಲೇ. ನಮಗೆ ಸುದ್ದಿ ತಡವಾಗಿ ಸಿಕ್ಕಿ, ಮೂರನೇ ದಿನದ ಹಾಲುತುಪ್ಪಕ್ಕೆ ಹೋದೆವು. ಕಲ್ಯಾಣದುರ್ಗದಲ್ಲಿ ಬಸ್ ಬದಲಾಯಿಸಿ, ಪಾವಗಡದಲ್ಲಿ ಇನ್ನೊಮ್ಮೆ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕಲ್ಲ, ಅದಕ್ಕೆ ಯರ್ರಿಸ್ವಾಮಿ ದಾರಿಯುದ್ದಕ್ಕೂ ಮಿರ್ಚಿ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದ.

ಸಮಾಧಿಯ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳು ಹುಣಸೆ ಮರದಲ್ಲೇ ಕೂತಿದ್ದವು, ಒಂದೂ ಇಳಿಯಲಿಲ್ಲ. ಸಾರ್ ಹೆಂಡತಿ ನರಸಕ್ಕ ಆಗ ಎಲೆಯನ್ನು ದಿಟ್ಟಿಸಿ, "ಆ ಮಿರ್ಚಿ ಯಾರ್ ಮಡಗಿದ್ದು? ತೆಗೀರಪ್ಪ. ಇವ್ರಿಗೆ ಹೊಟ್ಟೆಹುಣ್ಣು. ಮನೇಲಿ ಒಂದಿನ ಖಾರ ಮುಟ್ಟಿದೋರಲ್ಲ" ಎಂದರು. ಯರ್ರಿಸ್ವಾಮಿ ಮುಖ ನೋಡಲಾಗಲಿಲ್ಲ. ಅವನೇ ಹೋಗಿ ತೆಗೆದ. ಸಾರ್ ನಮ್ಮೂರಲ್ಲಿ ಅದನ್ನು ತಿನ್ನುತ್ತಿದ್ದುದು ನಮ್ಮ ಮಾತಿನಿಂದ ಅವರಿಗೆ ತಿಳಿಯಿತೇನೋ, ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು, "ನೀವ್ ಕೊಟ್ಟಿದ್ದು ಬ್ಯಾಡ ಅನ್ನಕ್ಕೆ ಅವ್ರಿಗೆ ಬಾಯಿ ಬಂದಿರಲ್ಲ ಬಿಡಪ್ಪ" ಎಂದು ಅವನ ಬೆನ್ನು ಸವರಿದರು. ಅದರಿಂದ ಅವನು ಇನ್ನೂ ಹೆಚ್ಚು ಅತ್ತ.

ಮಿರ್ಚಿ ತೆಗೆದರೂ ಕಾಗೆ ಬರಲಿಲ್ಲ. ಸಾರ್ ಮನಸ್ಸಿನಲ್ಲಿ ಏನೋ ಉಳಿದಿದೆ, ಯಾರಾದರೂ ಮಾತು ಕೊಡಿ ಎಂದರು ಹಿರಿಯರು. ಸಾರ್ ಅವರ ತಮ್ಮ ಮುಂದೆ ಬಂದು, ಅತ್ತಿಗೆಯನ್ನು ನೋಡಿಕೊಳ್ಳುತ್ತೇನೆ ಎಂದ. ಕಾಗೆ ಇಳಿಯಲಿಲ್ಲ. ಆಗ ಯರ್ರಿಸ್ವಾಮಿ ನನ್ನ ಮೊಣಕೈ ಮುಟ್ಟಿ, "ಅಕ್ಕ, ಮಂಗಳಾ ಪರೀಕ್ಷಿ ಬರೀತಾಳ ಅಂತ ಒಂದು ಮಾತು ಹೇಳಿಬಿಡು" ಎಂದ. ನಾಲಿಗೆಯ ತುದಿಗೆ ಬಂದಿತ್ತು ಮಂಗಳಾ. ಆದರೆ ನಿನ್ನ ಮಾತನ್ನು ನಾನು ಹೇಗೆ ಕೊಡಲಿ? ನೀನು ಅಲ್ಲಿ ಯಾವ ಸ್ಥಿತಿಯಲ್ಲಿದ್ದೀಯೋ, ಪುಸ್ತಕ ಹಿಡಿಯುವ ಮನಸ್ಸಿದೆಯೋ ಇಲ್ಲವೋ. ಬದುಕಿದ್ದಾಗ ಅವರು ಕೇಳಿದಾಗಲೆಲ್ಲ "ಬರ್ತಾಳ್ರಿ ಸಾರ್" ಎಂದೇ ಕಳಿಸುತ್ತಿದ್ದೆ. ಸತ್ತ ಮೇಲೂ ಹಾಗೆ ಹೇಳಲು ಆಗಲಿಲ್ಲ. ಬಿಸಿಲೇರಿದ ಮೇಲೆ ಎಡೆಯನ್ನು ತೆಗೆದು ಹಸುವಿಗೆ ತಿನ್ನಿಸಿದರು. ಜನ ಚದುರಿದರು.

ನರಸಕ್ಕ ನಿನ್ನನ್ನು ಕೇಳಿದರು. ಊಟ ಬಿಡಬೇಡ. ಅಪ್ಪ ಅಮ್ಮ ನಿನ್ನ ತಲೆ ಸವರಿದೆವೆಂದು ಬರೆ ಅಂದಿದ್ದಾರೆ, ಬರೆದಿದ್ದೇನೆ.

ನಿನ್ನ ಅಕ್ಕ,
ಶಾಂತಕುಮಾರಿ

ಇನ್ನೊಂದು ಮಾತು, ಯೂನಿಟ್ಟಿಗೆ ಹೊತ್ತಾಯಿತು: ಇವತ್ತಿನಿಂದ ಎರಡನೇ ಪಾಳಿಗೂ ನಿಲ್ಲುತ್ತೇನೆಂದು ಯರ್ರಿಸ್ವಾಮಿಗೆ ಹೇಳಿದ್ದೇನೆ. ನೀನು ಮನೆಗೆ ಕಳಿಸುತ್ತಿದ್ದ ದುಡ್ಡು ಇನ್ನು ಬೇಡ, ಅಪ್ಪನಿಗೂ ಹೇಳಿಯಾಗಿದೆ. ಬರುವ ಸೋಮವಾರ ಹನ್ನೊಂದನೇ ದಿನ, ಮತ್ತೆ ಎಡೆ ಇಡುತ್ತಾರೆ. ಬೆಂಗಳೂರಿನಿಂದ ಮಡಕಶಿರಕ್ಕೆ ನೇರ ಬಸ್ಸಿದೆ. ಮಾತು ಕೊಡುವುದಾದರೆ ಬಂದು ನೀನೇ ಕೊಡು. ಆಗುವುದಿಲ್ಲ ಎಂದರೆ ಅದನ್ನೂ ಸಾರ್ ಮುಂದೆಯೇ ಹೇಳು.