ಕತ್ತಿಯ ಹಿಂಗಾಲು

ಭಾಲ್ಕಿ, 6 ಡಿಸೆಂಬರ್ 1948

ಎಮ್ಮಿ ಒದೀತು. ನಾನೂ ಒದ್ದೆ. ಅರ್ಧ ಚರಿಗಿ ಹಾಲು.

ತಂಗಿ ಮಗ ಗುರುನಾಥ ಬಂದಿದ್ದ. ಕಚೇರ್ಯಾಗ ಹೊಸ ಮಿಲಿಟರಿ ಸಾಹೇಬಗ ನಮ್ಮ ಮಾತು ಇಂಗ್ಲಿಷಿನ್ಯಾಗ ಹೇಳೋ ಕೆಲಸ. ಸ್ವಾತಂತ್ರ್ಯ, ಕಾನೂನು, ಜವಾಬ್ದಾರಿ... ರೊಟ್ಟಿ ಆರಿ ಹಪ್ಪಳಾದ್ರೂ ಮುಗೀಲಿಲ್ಲ. ಬಾಯಿ ಮುಚ್ಚಂದೆ. ನಕ್ಕ. ಸಾಹೇಬನೂ ಹಂಗೇ ಅಂತಾನಂತ — ಬೋರ್, ಲೆಕ್ಚರ್, ಆನ್ ಅಂಡ್ ಆನ್. ಇಂಗ್ಲಿಷಿನ್ಯಾಗ ಇನ್ನೊಂದು ಮಾತದಂತ — ಡಾಂಕಿ, ಅಂದ್ರ ಕತ್ತಿ, ಅದರ ಹಿಂಗಾಲು ಕಳಚಿ ಬೀಳೋ ತನಕ ಮಾತಾಡೋದು. ಇಂಗ್ಲಿಷರಲ್ಲೂ ಒಬ್ಬ ಗುರುನಾಥ ಇದ್ದಿರಬೇಕು.

9 ಡಿಸೆಂಬರ್

ಬಾಜೂ ಮನಿ ದರ್ಜಿ ಜಹೀರೋದ್ದೀನನ್ನ ಹಿಡದು ಒಯ್ದಾರ. ಶ್ರಾವಣದಾಗ ಬಣವಿ ಸುಟ್ಟ ರಜಾಕಾರರ ಜೋಡಿ ಇದ್ದಂತ. ಸುಳ್ಳು. ಆ ವಾರ ಠಾಣಾ ಕುಶನೂರದಾಗ ನನ್ನ ಬೀಗ ಶಿವರಾಜಪ್ಪನ ಪಡಸಾಲ್ಯಾಗ ಕುಂತು ಕೂಸಿನ ಕುಂಚಗಿ ಹೊಲೀತಿದ್ದ. ನಾನೇ ಕಳಿಸಿದಾಕಿ. ಶಿವರಾಜಪ್ಪ ಬಂದು ಹೇಳಬೇಕು. ಆಳು ಕಳಿಸೀನಿ.

ಅವನ ಹೆಂಡತಿ ಮಹಮೂದಾ ಬೇಗಂ ಒಲಿ ಹಚ್ಚಿಲ್ಲ. ರೊಟ್ಟಿ ಕೊಟ್ಟೆ. ಅಳಬ್ಯಾಡಂದೆ. ಅತ್ತಳು. ಬೈದೆ.

ಅವನ ಸಲುವಾಗಿ ನೀ ಯಾಕ ಕಚೇರಿಗಿ ಹೋಗ್ತಿ ಅಂತ ಓಣ್ಯಾಗಿನವರು. ನಿಮ್ಮ ಮೈಮ್ಯಾಲಿನ ಅಂಗಿ ಯಾರು ಹೊಲಿದ್ರು ಅಂದೆ.

11 ಡಿಸೆಂಬರ್, ಮುಂಜಾನಿ

ಇವತ್ತೇ ವಿಚಾರಣಿ. ಸಂಜಿಗಿ ಲಾರಿ — ಹುಕುಂ ಆದವರನ್ನ ದೂರದ ಜೇಲಿಗಿ ಒಯ್ತಾರ. ಶಿವರಾಜಪ್ಪ ಇನ್ನ ಬಂದಿಲ್ಲ.

ಗುರುನಾಥ ಒಂದೇ ಕೆಲಸದ ಮಾತು ಹೇಳ್ಯಾನ. ಬಯಾನು, ಅಂದ್ರ ಸಾಕ್ಷಿ ಹೇಳಿಕಿ, ಶುರುವಾದ್ರ ಗುಮಾಸ್ತ ಎಲ್ಲಾ ಬರೀಬೇಕು, ಓದಿ ಕೇಳಸಬೇಕು, ಸಹಿ ಆಗಬೇಕು. ಅಲ್ಲೀ ತನಕ ಹುಕುಂ ಇಲ್ಲ.

ಅದೇ ದಿನ, ದೀಪ ಹಚ್ಚಿದ ಮ್ಯಾಲ

ಎರಡೇ ಮಾತಿನ್ಯಾಗ ಮುಗಸಾಕಿ ನಾನು. ಇವತ್ತು ಬಯಾನಿನ್ಯಾಗ ಜಹೀರನ ಅಪ್ಪ ಎತ್ತಿನ ಗಾಡ್ಯಾಗ ಹೊಲಿಗಿ ಮಿಷನ್ ತಂದಲ್ಲಿಂದ ಹಿಡದೆ. ಎತ್ತಿನ ಬಣ್ಣ ಹೇಳಿದೆ. ಎಮ್ಮಿ ಈದದ್ದು ಹೇಳಿದೆ. ನನ್ನ ಕುಪ್ಪಸದ ಎಡತೋಳು ಬಿಗಿಯಾದದ್ದು... ಗುಮಾಸ್ತ ಕೈ ಝಾಡಿಸಿದ. ಸಾಹೇಬ ಗಡಿಯಾರ ನೋಡಿದ. ವಿಷಯಕ್ಕ ಬಾ ಅಂತ ಹೇಳಿಸಿದ.

"ಬರಾಕತ್ತೀನ್ರಿ ಸಾಹೇಬ. ಬಲತೋಳು ಇನ್ನ ಬಾಕಿ ಅದ."

ಸಾಹೇಬ ಏನೋ ಗೊಣಗಿದ. 'ಡಾಂಕಿ' ಕೇಳಿಸ್ತು. ಗುರುನಾಥ ತಲಿ ತಗ್ಗಿಸಿ ನಗಾಕತ್ತಿದ.

"ಇನ್ನ ಮೂರು ಕಾಲು ಉಳದಾವ ಅಂತ ಹೇಳೋ," ಅಂದೆ.

ಹೇಳಲಿಲ್ಲ. ಹೇಡಿ.

ಓದಿ ಕೇಳಿಸಿದ್ರು. ಎತ್ತಿನ ಬಣ್ಣ ತಪ್ಪು ಬರದೀರಿ, ಮತ್ತ ಓದ್ರಿ ಅಂದೆ. ಎರಡನೇ ಸಲ ಓದೂವಾಗ ಬಾಗಲದಾಗ ಶಿವರಾಜಪ್ಪ — ರುಮಾಲದ ತುಂಬ ಧೂಳು. ನಾಕು ಮಾತು ಹೇಳಿದ. ನಾಕೇ.

ಲಾರಿ ಹೋತು. ಜಹೀರ ಇಲ್ಲೇ ಉಳಿದ.

13 ಡಿಸೆಂಬರ್

ಗಂಟಲು ಬಿದ್ದದ. ಬೆಲ್ಲದ ನೀರು ಕುಡದೆ.

ಜಹೀರ ಬಂದ. ಆ ಕುಪ್ಪಸ ಕೊಡ್ರಿ ಅಮ್ಮಾ, ತೋಳು ಸಡಲ ಮಾಡ್ತೇನಿ ಅಂದ. ಈಗ ನೆನಪಾತೇನು ಅಂತ ಬೈದು ಕೊಟ್ಟೆ.

ನಾಳಿ ಟಾಂಗಾದ ಖಾಸಿಂ ಅಲಿದು ವಿಚಾರಣಿ. ಅವನೂ ಏನೂ ಮಾಡಿಲ್ಲ. ಸಾಹೇಬ ಗುರುನಾಥನ ಕೈಲೆ ಹೇಳಿ ಕಳಿಸ್ಯಾನ — ಆ ಮುದುಕಿನ್ನ ತರಬ್ಯಾಡ.

ಹೋಗ್ತೇನಿ. ಗಂಟಲಿಲ್ಲದಿದ್ರ ಪಿಸುಮಾತಿಲೇ ಹೇಳ್ತೇನಿ, ಗುಮಾಸ್ತ ಬಗ್ಗಿ ಕೇಳ್ಲಿ. ನನ್ನ ಲಗ್ನಕ್ಕ ಇದೇ ಖಾಸಿಂನ ಅಪ್ಪನ ಟಾಂಗಾ ಬಂದಿತ್ತು. ಆ ಕಥಿ ಇನ್ನ ಶುರುನೇ ಮಾಡಿಲ್ಲ. ಮದ್ಲ ಕುದುರಿ ಬಣ್ಣ —