ಫಿರ್ದೌಸ್ ಹೇಳಿದ್ದು, ನಾನು ಬರೆಸಿದ್ದು

ಶಹಾಪುರ, 18 ನವೆಂಬರ್ 2025. ಕಾಲೇಜು ಬಿಟ್ಟಿದೆ, ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೇನೆ.

ಫಿರ್ದೌಸ್,

ಇವತ್ತು ನೀನು ಆಫ್ರಿಕಾದ ಅರುಷಾದಿಂದ ವಿಡಿಯೊದಲ್ಲಿ ನಮ್ಮ ಕಾನೂನು ವಿದ್ಯಾರ್ಥಿಗಳಿಗೆ ಪಾಠ ಮಾಡಿದೆ. ಪೂರ್ವ ಆಫ್ರಿಕಾದ ದೇಶಗಳು ಒಂದೇ ಮಾರುಕಟ್ಟೆಯಾಗಲು ಒಪ್ಪಂದ ಮಾಡಿಕೊಂಡಿವೆ, ಅದನ್ನು ಮುರಿದರೆ ಕೇಳಲು ಅವಕ್ಕೆಲ್ಲ ಸೇರಿ ಒಂದು ನ್ಯಾಯಾಲಯವಿದೆ ಎಂದು ಹೇಳಿ, ನಮ್ಮ ಪಕ್ಕದ ಹಳ್ಳಿಯದೇ ಉದಾಹರಣೆ ಕೊಟ್ಟೆ.

"ದೋರನಹಳ್ಳಿ ಇಲ್ಲಿ ದೇಶದಾಗೇ ಅದ ಅನ್ರಿ, ಅದರ ಹತ್ತಿ ಲಾರಿ ಗಡಿಯಾಗ ತಡದ್ರು ಅಂತ ತಿಳ್ಕೋರಿ. ಮಾಲಕ ಸೀದಾ ಆ ಕೋರ್ಟಿಗಿ ಹೋಗಬೌದು. ಮೊದಲ ತನ್ನ ದೇಶದ ಕೋರ್ಟಿಗಿ ಅಲಿಬೇಕಂತ ಏನಿಲ್ಲ."

ಎಲ್ಲರೂ ನಕ್ಕರು. ನನ್ನ ಪಾಠಕ್ಕೆ ಅವರು ಎಂದೂ ನಕ್ಕಿಲ್ಲ.

"ನಮ್ಮಾಕಿ ಎಲ್ಲಿ? ನನಗಿಂತ ಚಲೋ ಹೇಳ್ತಾಳ" ಎಂದು ನೀನು ನನ್ನನ್ನು ಹುಡುಕಿದಾಗ ನಾನು ಕ್ಯಾಮೆರಾದ ಹಿಂದೆಯೇ ನಿಂತಿದ್ದೆ. ನಿನ್ನನ್ನು ಅಲ್ಲಿಗೆ ಕರೆದೊಯ್ದ ಸ್ಕಾಲರ್‌ಶಿಪ್ಪಿನ ಅರ್ಜಿ, ಕೂಡಿ ಓದುವಾಗ, ನಮ್ಮಿಬ್ಬರಿಗೂ ಬಂದಿತ್ತು. ನಾನು ತುಂಬಲಿಲ್ಲ.

ನಿನ್ನ ವಿಡಿಯೊ ಮುಗಿದ ಮೇಲೆ ಹುಲಗಪ್ಪ ಎಂಬ ವಿದ್ಯಾರ್ಥಿ ಎದ್ದ. "ಮೊದಲ ದೇಶದ ಕೋರ್ಟು ಮುಗಿಸ್ಕೊಂಡೇ ಹೋಗಬೇಕಂತ ನೀವು ಬರೆಸಿದ್ರಲ್ರಿ ಮೇಡಂ?"

ಬರೆಸಿದ್ದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ನಿಯಮವನ್ನು ಇದಕ್ಕೂ ಹಚ್ಚಿದ್ದೆ.

"ಆಕಿಗಿ ನಿಮ್ಮ ಸಿಲೆಬಸ್ ಏನು ಗೊತ್ತಪ್ಪ? ಪರೀಕ್ಷಾದಾಗ ನಾ ಬರೆಸಿದ್ದೇ ಬರೀರಿ" ಎಂದೆ.

ಶುಕ್ರವಾರ ಪರೀಕ್ಷೆ. ನಾಳೆ ಮೊದಲ ಪೀರಿಯಡ್ಡಿನಲ್ಲಿ, ನಾನು ಬರೆಸಿದ್ದು ತಪ್ಪು ಎಂದು ಹೇಳುವುದಾಗಿ ತೀರ್ಮಾನಿಸಿದ್ದೇನೆ. ಸರಿಯಾಗಿ ಹೇಳಿದವಳು ಯಾರು ಎಂಬುದನ್ನೂ ಹೆಸರು ಹಿಡಿದೇ ಹೇಳಬೇಕು.